ಪಿಂಚಣಿ ಇಲ್ಲದ ಮಾಜಿ ಸೈನಿಕರಿಗೆ ತಿಂಗಳಿಗೆ 8,000 ರೂಪಾಯಿ: ಯಾರಿಗೆ ಸಿಗುತ್ತೆ?

ಸೈನ್ಯದಲ್ಲಿದ್ದವರಿಗೆಲ್ಲ ಪಿಂಚಣಿ ಬರುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ. ಆದ್ರೆ ಹಾಗಿಲ್ಲ. ಜವಾನರಿಗೆ ಸೇವಾ ಪಿಂಚಣಿ ಸಿಗಬೇಕಾದ್ರೆ ಸಾಮಾನ್ಯವಾಗಿ 15 ವರ್ಷ ಸೇವೆ ಆಗಿರಬೇಕು. 1965ರ, 1971ರ ಯುದ್ಧದ ಕಾಲದಲ್ಲಿ ಸೇರಿ, ಅಷ್ಟು ವರ್ಷ ತುಂಬೋ ಮೊದಲೇ ಬಿಡುಗಡೆಯಾಗಿ ಊರಿಗೆ ಬಂದವರಿದ್ದಾರೆ. 1971ರಲ್ಲಿ 20 ವರ್ಷದ ಹುಡುಗರಾಗಿದ್ದವರು ಈಗ 70 ದಾಟಿದ್ದಾರೆ. ಮೆಡಲ್ ಇದೆ, ಪಿಂಚಣಿ ಇಲ್ಲ.

ಇಂಥವರಿಗಾಗಿಯೇ ಕೇಂದ್ರೀಯ ಸೈನಿಕ ಮಂಡಳಿಯ 'ಪೆನ್ಯೂರಿ ಗ್ರಾಂಟ್' ಇದೆ. ಮೊದಲು ತಿಂಗಳಿಗೆ 4,000 ರೂಪಾಯಿ ಇತ್ತು. 2025ರ ಅಕ್ಟೋಬರ್‌ನಲ್ಲಿ ರಕ್ಷಣಾ ಸಚಿವಾಲಯ ಅದನ್ನ 8,000ಕ್ಕೆ ಏರಿಸಿತು. 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ ಹೊಸ ಮೊತ್ತ. ಹಣ ಬರೋದು ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಿಧಿಯಿಂದ. ಡಿಸೆಂಬರ್ 7ಕ್ಕೆ ಶಾಲೆಯಲ್ಲಿ ಪುಟ್ಟ ಧ್ವಜ ಚುಚ್ಚಿಸಿಕೊಂಡು ಕಾಸು ಕೊಟ್ಟಿದ್ರಲ್ಲ, ಅದೇ ನಿಧಿ.

ಹಾಗಾದ್ರೆ ಅರ್ಹರು ಯಾರು?

ಒಂದು, ವಯಸ್ಸು 65 ದಾಟಿರಬೇಕು.
ಎರಡು, ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ದರ್ಜೆಯವರಾಗಿರಬೇಕು. ನೌಕಾಪಡೆ, ವಾಯುಪಡೆಯಲ್ಲಿ ಅದಕ್ಕೆ ಸಮನಾದ ದರ್ಜೆ.
ಮೂರು, ಸೈನ್ಯದ ಪಿಂಚಣಿ ಬರ್ತಿರಬಾರದು, ಬೇರೆ ನಿಯಮಿತ ಆದಾಯವೂ ಇರಬಾರದು.
ನಾಲ್ಕು, ಸರ್ಕಾರದ ಲೆಕ್ಕದಲ್ಲಿ 'ಮಾಜಿ ಸೈನಿಕ' ಆಗಿರಬೇಕು.

ಗೊಂದಲ ಆಗೋದು ಈ ನಾಲ್ಕನೇ ಷರತ್ತಲ್ಲೇ. ಯಾವ ತಾರೀಕಿನಲ್ಲಿ ಬಿಡುಗಡೆ ಆದ್ರು ಅನ್ನೋದರ ಮೇಲೆ ವ್ಯಾಖ್ಯೆ ಬದಲಾಗುತ್ತೆ. ದುರ್ನಡತೆಗಾಗಿ ವಜಾ ಆದವರು ಲೆಕ್ಕಕ್ಕೆ ಬರಲ್ಲ. ಬಿಡುಗಡೆಯ ದಿನಾಂಕ, ಕಾರಣ ಎರಡನ್ನೂ ಹೇಳೋದು ಡಿಸ್ಚಾರ್ಜ್ ಬುಕ್. ಹಾಗಾಗಿ ಟ್ರಂಕಿನ ತಳದಲ್ಲಿರೋ ಆ ಹಳೇ ಪುಸ್ತಕವನ್ನ ಮೊದಲು ಹುಡುಕಿ, ಪ್ರತಿ ಪುಟದ ಫೋಟೋ ತೆಗೆದಿಟ್ಕೊಳ್ಳಿ.

ತಾತ ತೀರಿಕೊಂಡಿದ್ದರೆ? ಅಜ್ಜಿಗೂ ಹಕ್ಕಿದೆ. 65 ದಾಟಿದ, ಪಿಂಚಣಿ ಇಲ್ಲದ ಸೈನಿಕರ ವಿಧವೆಯರೂ ಅರ್ಜಿ ಹಾಕಬಹುದು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಸೇನಾ ದಾಖಲೆ, ಈ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಮೊದಲೇ ನೋಡ್ಕೊಳ್ಳಿ.

ಅರ್ಜಿ ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟಿನಲ್ಲಿ ಆನ್‌ಲೈನ್. ಪರಿಶೀಲನೆ ಮಾಡೋದು ಜಿಲ್ಲಾ ಮಟ್ಟದ ಸೈನಿಕ ಕಲ್ಯಾಣ ಕಚೇರಿ. ಮಾಜಿ ಸೈನಿಕರ ಗುರುತಿನ ಚೀಟಿ ಇಲ್ಲದಿದ್ದರೆ ಅದನ್ನೂ ಅಲ್ಲೇ ಕೇಳಿ. ಮಧ್ಯೆ ಏಜೆಂಟ್ ಬೇಕಿಲ್ಲ.

80 ವರ್ಷದವರಿಗೆ ಒಟಿಪಿ, ಪಿಡಿಎಫ್ ಅಪ್‌ಲೋಡ್ ಸುಲಭ ಅಲ್ಲ. ನಿಮಗೆ ಅದು ಅರ್ಧ ಗಂಟೆ ಕೆಲಸ. ನಿಮ್ಮ ಬೀದಿಯಲ್ಲಿ ಇಂಥ ಹಿರಿಯರು ಇದ್ದರೆ ಈ ಎಪಿಸೋಡ್ ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ, ಫೋನ್ ಹಿಡ್ಕೊಂಡು ಅವರ ಮನೆಗೆ ಹೋಗಿ.