ಕಲ್ಲುದಾರಿಗೆ ತಕ್ಕ ರಿಮ್ಮು ಯಾವುದು?



ಭಾನುವಾರ ಬೆಳಗ್ಗೆ ಆರಕ್ಕೆ ಗಂಡಿಪೇಟೆ ಕಡೆ ಹೋಗುವವರಿಗೆ ಹೊಸದಾಗಿ ಹೇಳಬೇಕಿಲ್ಲ, ಹೆಲ್ಮೆಟ್ ತೊಟ್ಟ ಸೈಕಲ್ ಸವಾರರ ಗುಂಪುಗಳು ಎದುರಾಗುತ್ತಲೇ ಇರುತ್ತವೆ. ಹೊರವರ್ತುಲ ರಸ್ತೆಯ ಪಕ್ಕ ಸೌರಫಲಕಗಳ ಚಾವಣಿಯಡಿ 23 ಕಿಲೋಮೀಟರಿನ ಸೈಕಲ್ ಪಥ 2023ರ ಅಕ್ಟೋಬರಿನಲ್ಲಿ ತೆರೆದ ಮೇಲೆ ಈ ಹುಚ್ಚು ಇನ್ನಷ್ಟು ಮನೆಗಳಿಗೆ ಹೊಕ್ಕಿದೆ. ಆ ಪಥದಲ್ಲಿ ಯಾವ ಸೈಕಲ್ ಆದರೂ ನಡೆದೀತು. ತೊಂದರೆ ಶುರುವಾಗುವುದು ಮನೆಯ ಮಗನೋ ಮಗಳೋ ಡಾಂಬರು ಬಿಟ್ಟು ಖಾಜಾಗುಡದ ಬಂಡೆಗಳ ನಡುವಿನ ಕಾಲುದಾರಿಗೆ ಇಳಿದಾಗ. ದಪ್ಪ ಟಯರಿನ ಹೊಸ ಮೌಂಟನ್ ಬೈಕು, ತಿಂಗಳು ತುಂಬುವುದರೊಳಗೆ ಹಿಂದಿನ ಚಕ್ರ ಕರಿದ ಹಪ್ಪಳದ ಹಾಗೆ ಸೊಟ್ಟ. ಅಂಗಡಿಗೆ ಒಯ್ದರೆ ರಿಮ್ಮೇ ಹೋಗಿದೆ, ಗಟ್ಟಿಯದು ಹಾಕಿಸಿ ಅನ್ನುತ್ತಾರೆ. ಗಟ್ಟಿಯದು ಎಂದರೆ ಯಾವುದು? ಹೆಚ್ಚು ದುಡ್ಡಿನದೇ?

ಅಷ್ಟು ಸುಲಭವಾಗಿದ್ದರೆ ಈ ಲೇಖನ ಬೇಕಾಗಿರಲಿಲ್ಲ. ರಿಮ್ಮಿಗೆ ಕೊಟ್ಟ ಹಣಕ್ಕಿಂತ, ಟಯರಿನೊಳಗಿನ ಗಾಳಿ ಮತ್ತು ಕಡ್ಡಿಗಳ ಬಿಗಿ ಅದನ್ನು ಹೆಚ್ಚು ಕಾಲ ಕಾಯುತ್ತವೆ. ಹೇಗೆಂದು ನೋಡೋಣ.

ಮೊದಲು ನಮ್ಮ ನೆಲ. ಹೈದರಾಬಾದ್ ಕೂತಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಮೇಲೆ. ದೊಡ್ಡ ಬಂಡೆಗಳು ನುಣುಪಾಗಿ ಉರುಟಾಗಿ ಕಂಡರೂ, ಅವುಗಳಿಂದ ಒಡೆದು ಬಿದ್ದ ಚೂರುಗಳ ಅಂಚು ಹರಿತ. ಟಯರು ಅಂಥ ಅಂಚಿಗೆ ಬಡಿದಾಗ ಪೆಟ್ಟೆಲ್ಲ ಒಂದೇ ಬಿಂದುವಿನಲ್ಲಿ ಬೀಳುತ್ತದೆ. ಇಲ್ಲಿಂದ ಸುಮಾರು 75 ಕಿ.ಮೀ. ದೂರದ ವಿಕಾರಾಬಾದಿನ ಅನಂತಗಿರಿಗೆ ಹೋದರೆ ಕಥೆ ಬೇರೆ. ಮೂಸಿ ನದಿ ಹುಟ್ಟುವ ಆ ಗುಡ್ಡಗಳ ನೆತ್ತಿಯ ಮೇಲೆ ಜಂಬಿಟ್ಟಿಗೆಯ ಕೆಂಪು ನೆಲ, ನಮ್ಮ ಬೀದರ್ ಕೋಟೆ ಕಟ್ಟಿದ ಅದೇ ಜಾತಿಯ ಕಲ್ಲು. ಅಲ್ಲಿ ಸಣ್ಣ ಕಲ್ಲುಕಾಳು ಜಾಸ್ತಿ, ಹರಿತ ಕಡಿಮೆ. ಆದರೆ ಮಳೆ ಬಿದ್ದರೆ ಕೆಸರು ಅಂಟಿಕೊಂಡು ಬ್ರೇಕಿನ ನಡುವೆ ಅರೆಯುತ್ತದೆ. ಒಂದು ನೆಲ ರಿಮ್ಮನ್ನು ಜಜ್ಜುತ್ತದೆ, ಇನ್ನೊಂದು ಸವೆಸುತ್ತದೆ. ನಿಮ್ಮ ಸವಾರಿ ಯಾವ ಕಡೆ ಹೆಚ್ಚು ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ನಿಶ್ಚಯ ಮಾಡಿಕೊಳ್ಳಿ. (ಅನಂತಗಿರಿಯ ಕಾಡಿನೊಳಗೆ ಹೋಗುವವರು ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ.)

ಇನ್ನು ಚಕ್ರ ಭಾರ ಹೊರುವ ಬಗೆ. ಊರಿನ ಎತ್ತಿನ ಗಾಡಿ ನೆನಪಿಸಿಕೊಳ್ಳಿ. ಕಮ್ಮಾರರು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ಯುತ್ತಿದ್ದರು. ಪಟ್ಟಿ ಕುಗ್ಗಿ ಮರವನ್ನೆಲ್ಲ ಒಳಕ್ಕೆ ಅದುಮಿ ಹಿಡಿಯುತ್ತಿತ್ತು. ಗಾಡಿಯ ಭಾರ ನಿಲ್ಲುತ್ತಿದ್ದುದು ಕೆಳಗಿನ ಮರದ ಅರದ ಮೇಲೆ, ಕಂಬದ ಮೇಲೆ ಮನೆ ನಿಂತ ಹಾಗೆ. ಸೈಕಲ್ ಕಡ್ಡಿಗೆ ಆ ಶಕ್ತಿ ಎಲ್ಲಿಯದು? ಎರಡು ಮಿಲಿಮೀಟರ್ ದಪ್ಪದ ತಂತಿ ಅದು, ಮೇಲಿನಿಂದ ಅದುಮಿದರೆ ಬಾಗಿಬಿಡುತ್ತದೆ. ಆದರೆ ಎಳೆದರೆ ಎಷ್ಟೋ ತಡೆಯುತ್ತದೆ. ಆದ್ದರಿಂದ ಚಕ್ರ ಕಟ್ಟುವಾಗಲೇ ಪ್ರತಿಯೊಂದು ಕಡ್ಡಿಯನ್ನೂ ಎಳೆದು ಬಿಗಿಯುತ್ತಾರೆ. ಚೆನ್ನಾಗಿ ಕಟ್ಟಿದ ಚಕ್ರದಲ್ಲಿ ಬಿಗಿ ಹೆಚ್ಚಿರುವ ಬದಿಯ ಒಂದೊಂದು ಕಡ್ಡಿಯ ಸೆಳೆತ 100 ಕಿಲೋ ತೂಕ ನೇತುಹಾಕಿದಷ್ಟು. 32 ಕಡ್ಡಿಗಳ ಲೆಕ್ಕ ಸೇರಿದರೆ ಎರಡೂವರೆ ಟನ್ನಿಗೂ ಮೇಲೆ! ಅಷ್ಟು ಸೆಳೆತ ಆ ತೆಳು ಬಳೆಯನ್ನು ಎಲ್ಲ ಕಡೆಯಿಂದ ಒಳಕ್ಕೆ ಎಳೆಯುತ್ತಿರುವುದರಿಂದಲೇ ಅದು ದುಂಡಗೆ ನಿಂತಿದೆ.

ನೀವು ಸೀಟಿನ ಮೇಲೆ ಕೂತಾಗ ಆಗುವುದೇನು? ನೆಲಕ್ಕೆ ತಾಗಿದ ಕಡೆಯ ಮೂರು ನಾಲ್ಕು ಕಡ್ಡಿಗಳ ಬಿಗಿ ಸ್ವಲ್ಪ ಸಡಿಲವಾಗುತ್ತದೆ, ಚಕ್ರ ತಿರುಗಿದಂತೆ ಮತ್ತೆ ಬಿಗಿಯಾಗುತ್ತದೆ. ಮೊದಲೇ ಬಿಗಿ ಸಾಲದೆ ಹೋದರೆ ಕಲ್ಲಿನ ಪೆಟ್ಟಿಗೆ ಆ ಕಡ್ಡಿಗಳು ಪೂರ್ತಿ ಸಡಿಲಾಗಿ, ಆ ಕ್ಷಣಕ್ಕೆ ರಿಮ್ಮು ಯಾರ ಹಿಡಿತವೂ ಇಲ್ಲದ ಬಳೆ. ಆಗಲೇ ಅದು ಸೊಟ್ಟಗಾಗುವುದು. ಜೊತೆಗೆ ಕಡ್ಡಿಯ ತುದಿಯ ನಿಪ್ಪಲ್ ತಾನಾಗಿ ತಿರುಗಿ ಇನ್ನೂ ಸಡಿಲವಾಗುತ್ತದೆ, ಕಡ್ಡಿ ಹಬ್ಬಿನ ಹತ್ತಿರದ ಬಾಗಿನಲ್ಲಿ ಬಳಲಿ ಮುರಿಯುತ್ತದೆ. ಕಾರ್ಖಾನೆಯಿಂದ ಬಂದ ಕಡಿಮೆ ಬೆಲೆಯ ಸೈಕಲ್‌ಗಳ ಚಕ್ರವನ್ನು ಯಂತ್ರ ಗಡಿಬಿಡಿಯಲ್ಲಿ ಬಿಗಿದಿರುವುದುಂಟು. ಆದ್ದರಿಂದ ಹೊಸ ಸೈಕಲ್ ತಂದ ಮೊದಲ ನೂರಿನ್ನೂರು ಕಿಲೋಮೀಟರ್ ಆದ ಮೇಲೆ, ಚಕ್ರ ಕಟ್ಟಲು ಬಲ್ಲ ಮೆಕ್ಯಾನಿಕ್ಕಿನ ಹತ್ತಿರ ಒಮ್ಮೆ ಕಡ್ಡಿ ಬಿಗಿಸಿ, ಬೆಂಡ್ ತೆಗೆಸಿ. ಆ ಖರ್ಚು ಹೊಸ ರಿಮ್ಮಿನ ಬೆಲೆಯ ಮುಂದೆ ಏನೂ ಅಲ್ಲ.

ಬಿಗಿ ಪರೀಕ್ಷಿಸಲು ಉಪಕರಣ ಇದೆ, ಆದರೆ ನೀವು ರೇಡಿಯೊ ಕೇಳುವವರು, ಕಿವಿಯೇ ಸಾಕು. ಸೈಕಲ್ ತಲೆಕೆಳಗು ನಿಲ್ಲಿಸಿ ಬೆರಳಿನಿಂದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ. ಒಂದು ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರ ಹೇಳಬೇಕು. ನಡುವೆ ಒಂದು ಡಬ್ ಎಂದರೆ ಅದು ಸಡಿಲ. ಹಿಂದಿನ ಚಕ್ರದಲ್ಲಿ ಮಾತ್ರ ಗಾಬರಿ ಬೇಡ. ಬಲಬದಿಯಲ್ಲಿ ಗೇರು ಚಕ್ರಗಳಿಗೆ ಜಾಗ ಬೇಕಾದ್ದರಿಂದ ಆ ಬದಿಯ ಕಡ್ಡಿಗಳು ನೆಟ್ಟಗೆ ನಿಂತು ಬಿಗಿ ಹೆಚ್ಚು, ಸ್ವರವೂ ಮೇಲೆ. ಎಡದ್ದು ಕೆಳಸ್ವರ.

ಈಗ ಲೋಹದ ಮಾತು. ಹಳೆಯ ಕಾಲದ ಸೈಕಲ್‌ಗಳ ಹೊಳೆಯುವ ರಿಮ್ಮು ಉಕ್ಕಿನದು. ಹಾಲು ಕ್ಯಾನು, ಮೂಟೆ ಹೇರಿದರೂ ತಡೆದ ಚಕ್ರ ಅದು, ಸೊಟ್ಟಗಾದರೆ ಬಡಿದು ಸರಿಪಡಿಸಲೂ ಆಗುತ್ತಿತ್ತು. ಹಾಗಾದರೆ ಮೌಂಟನ್ ಬೈಕಿಗೂ ಉಕ್ಕೇ ಇರಲಿ ಎನ್ನಬಹುದು. ಎರಡು ತಕರಾರು. ಉಕ್ಕು ಅಲ್ಯೂಮಿನಿಯಂಗಿಂತ ಮೂರು ಪಟ್ಟು ಹತ್ತಿರ ಭಾರ. ಎರಡನೆಯದು ಇನ್ನೂ ಮುಖ್ಯ, ನೀರು ಬಿದ್ದ ಕ್ರೋಮ್ ಉಕ್ಕಿನ ಮೇಲೆ ರಬ್ಬರ್ ಬ್ರೇಕು ಜಾರುತ್ತದೆ. ಮಳೆಯಲ್ಲಿ ಅನಂತಗಿರಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ರಿಮ್ಮು ಎಷ್ಟು ಗಟ್ಟಿಯಿದ್ದು ಏನು ಬಂತು? ಮೌಂಟನ್ ಬೈಕು ಹುಟ್ಟಿದ್ದೂ ಉಕ್ಕಿನ ರಿಮ್ಮಿನ ಮೇಲೆಯೇ ಎನ್ನುವುದು ಬೇರೆ ಮಾತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೆಯ ದಪ್ಪ ಟಯರಿನ ಸೈಕಲ್‌ಗಳಲ್ಲಿ ಒಂದು ಗುಡ್ಡದ ಇಳಿಜಾರಿನಲ್ಲಿ ಪಂದ್ಯ ಕಟ್ಟಿದರು. ಒಂದು ಇಳಿತಕ್ಕೆ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸು ತುಂಬಬೇಕು. ಇಂಗ್ಲಿಷಿನಲ್ಲಿ ಹಾಗೆ ತುಂಬುವುದಕ್ಕೆ ರೀಪ್ಯಾಕ್ ಎನ್ನುತ್ತಾರೆ, ಪಂದ್ಯದ ಹೆಸರೇ ಅದಾಯಿತು. ಆ ಅಳತೆಗೆ ಅಲ್ಯೂಮಿನಿಯಂ ರಿಮ್ಮು ಸಿಕ್ಕ ಮೇಲೆ ಅದೇ ಸೈಕಲ್ಲನ್ನು ಗುಡ್ಡ ಹತ್ತಿಸಲೂ ಮನಸ್ಸಾಯಿತು.

ಕಾರ್ಬನ್ ರಿಮ್ಮುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಗುರ, ಗಟ್ಟಿ, ಆದರೆ ಅಲ್ಯೂಮಿನಿಯಂ ತಗ್ಗಾಗುವ ಪೆಟ್ಟಿಗೆ ಅದು ಸೀಳುತ್ತದೆ, ಬೆಲೆಯೂ ಕೈಗೆ ನಿಲುಕುವಂಥದ್ದಲ್ಲ. ಪಂದ್ಯಕ್ಕೆ ಇಳಿಯದವರಿಗೆ ಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ಉಳಿದದ್ದು ಅಲ್ಯೂಮಿನಿಯಂ ಮಿಶ್ರಲೋಹ, ಅಂಗಡಿಯವರ ಬಾಯಲ್ಲಿ ಅಲಾಯ್. ಅದರಲ್ಲಿ ಸಿಂಗಲ್ ವಾಲ್, ಡಬಲ್ ವಾಲ್ ಎಂದು ಎರಡು ಬಗೆ. ರಿಮ್ಮನ್ನು ಅಡ್ಡ ಕತ್ತರಿಸಿದರೆ ಸಿಂಗಲ್ ವಾಲ್ ಬರೀ ಒಂದು ತೊಟ್ಟಿಲಿನ ಹಾಗೆ ಕಾಣುತ್ತದೆ. ಡಬಲ್ ವಾಲಿನಲ್ಲಿ ಆ ತೊಟ್ಟಿಲಿನ ಕೆಳಗೆ ಇನ್ನೊಂದು ಪದರ, ನಡುವೆ ಟೊಳ್ಳು. ಕಡ್ಡಿ ಹಿಡಿದಿರುವುದು ಒಳಪದರ, ಟಯರು ಕೂರುವುದು ಹೊರಪದರ. ಅದೇ ತೂಕದ ತಗಡು ಕೊಳವೆಯಂತಾದಾಗ ತಿರುಚಲು ಬಾಗಲು ಎಷ್ಟು ಕಷ್ಟವೋ ಅಷ್ಟೇ ಇದೂ. ಮನೆಯಲ್ಲಿರುವ ಸೈಕಲ್ಲಿನದು ಯಾವುದು ಎಂದು ತಿಳಿಯಬೇಕೆ? ಪಂಕ್ಚರ್ ಹಾಕಿಸುವಾಗ ರಿಮ್ ಟೇಪು ಸರಿಸಿ ನೋಡಿ. ನಿಪ್ಪಲ್ಲಿನ ತಲೆ ಟೇಪಿನ ಕೆಳಗೇ ಎದ್ದು ಕಂಡರೆ ಸಿಂಗಲ್ ವಾಲ್. ಅಗಲವಾದ ತೂತು, ಅದರ ಆಳದಲ್ಲಿ ನಿಪ್ಪಲ್ ಕಂಡರೆ ಡಬಲ್ ವಾಲ್. ಬಂಡೆದಾರಿಗೆ ಡಬಲ್ ವಾಲ್‌ಗಿಂತ ಕೆಳಗಿಳಿಯಬೇಡಿ, ಇದರಲ್ಲಿ ಚೌಕಾಸಿ ಇಲ್ಲ. ಕೂಡುವ ಜಾಗವನ್ನು ಬೆಸುಗೆ ಹಾಕಿದ್ದರೆ ಒಳ್ಳೆಯದು, ಪಿನ್ನು ಹೊಡೆದದ್ದೂ ನಡೆಯುತ್ತದೆ.

ಕಡ್ಡಿಗಳ ಸಂಖ್ಯೆ 32 ಇರಲಿ. ನಿಮ್ಮ ತೂಕ 90 ಕಿಲೋ ದಾಟಿದ್ದರೆ, ಅಥವಾ ಸಾಮಾನು ಕಟ್ಟಿಕೊಂಡು ದೂರ ಹೋಗುವವರಾದರೆ, ಹಿಂದಿನ ಚಕ್ರಕ್ಕೆ 36 ಸಿಕ್ಕರೆ ಬಿಡಬೇಡಿ. ಭಾರ ಹೆಚ್ಚು ಬೀಳುವುದು ಹಿಂದಕ್ಕೇ. ನೋಡಲು ಚೆಂದ ಎಂದು ಕಡಿಮೆ ಕಡ್ಡಿಯ ಚಕ್ರ ಕೊಂಡರೆ, ದಾರಿಯಲ್ಲಿ ಒಂದು ಕಡ್ಡಿ ಮುರಿದಾಗ ಚಕ್ರ ಬ್ರೇಕಿಗೋ ಚೌಕಟ್ಟಿಗೋ ಉಜ್ಜಿ ಸೈಕಲ್ಲು ಹೊತ್ತು ನಡೆಯಬೇಕಾದೀತು.

ಅಳತೆಯ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ, ಇಲ್ಲಿ ಸ್ವಲ್ಪ ನಿಧಾನಿಸಿ. ರಿಮ್ಮಿನ ಮೇಲೆ, ಟಯರಿನ ಬದಿಯಲ್ಲಿ ಇಂಚಿನ ಸಂಖ್ಯೆಯ ಜೊತೆ ಮೂರಂಕಿಯ ಇನ್ನೊಂದು ಸಂಖ್ಯೆ ಇರುತ್ತದೆ. ಅದು ಟಯರು ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. ಹಳೆಯ ಮೌಂಟನ್ ಬೈಕಿನ 26 ಇಂಚಿಗೆ 559. 27.5 ಇಂಚಿಗೆ 584. 29 ಇಂಚಿಗೆ 622. ಆದರೆ 26 ಗುಣಿಸು ಒಂದು ಮೂರರ ಎಂಟು ಎಂದು ಭಿನ್ನರಾಶಿಯಲ್ಲಿ ಬರೆದ ಟಯರೂ ಪೇಟೆಯಲ್ಲಿದೆ. ಅದೂ 26 ಇಂಚೇ, ವ್ಯಾಸ ಮಾತ್ರ 590! ಮೌಂಟನ್ ಬೈಕಿನ ರಿಮ್ಮಿಗೆ ಅದು ಕೂರದು. ದೊಡ್ಡ ಕಪ್ಪು ಸೈಕಲ್ಲಿನ 28 ಇಂಚಿನದು 635, ಅದು 29 ಎಂದು ಕರೆಯುವುದಕ್ಕಿಂತ ವ್ಯಾಸದಲ್ಲಿ ದೊಡ್ಡದು. ಇಂಚು ನಂಬಬೇಡಿ, ಮೂರಂಕಿ ನೋಡಿ.

ಅದರ ಪಕ್ಕದಲ್ಲೇ ಒಳಅಗಲ ಬರೆದಿರುತ್ತದೆ. 584x25 ಎಂದರೆ ಒಳಗೆ 25 ಮಿ.ಮೀ. ಎರಡಕ್ಕಿಂತ ಹೆಚ್ಚು ಇಂಚು ಅಗಲದ ಟಯರಿಗೆ 25ರಿಂದ 30 ಒಳ್ಳೆಯ ಜೋಡಿ. ತೀರಾ ಕಿರಿದಾದ ರಿಮ್ಮಿನಲ್ಲಿ ದಪ್ಪ ಟಯರು ಬಲ್ಬಿನ ಹಾಗೆ ಉಬ್ಬಿ ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ, ಅದನ್ನು ತಡೆಯಲು ನೀವು ಗಾಳಿ ಹೆಚ್ಚಿಸುತ್ತೀರಿ, ಆಗ ಕಲ್ಲಿನ ಮೇಲೆ ಚಕ್ರ ಪುಟಿಯುತ್ತದೆ.

ಗಾಳಿಯ ಮಾತು ಬಂತು, ರಿಮ್ಮಿನ ಆಯುಷ್ಯ ನಿಂತಿರುವುದೇ ಇಲ್ಲಿ. ಟಯರಿನೊಳಗಿನ ಗಾಳಿ ರಿಮ್ಮಿಗೆ ಹಾಸಿದ ಹಾಸಿಗೆ. ಗಾಳಿ ಕಡಿಮೆಯಾದರೆ ಕಲ್ಲಿನ ಅಂಚು ಟಯರನ್ನು ಪೂರ್ತಿ ಒತ್ತಿ ರಿಮ್ಮಿಗೇ ಬಡಿಯುತ್ತದೆ. ನಡುವೆ ಸಿಕ್ಕ ಟ್ಯೂಬಿಗೆ ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತು. ಪಂಕ್ಚರ್ ಹಾಕುವವರು ಎರಡು ತೂತು ತೋರಿಸಿದರೆ ಮುಳ್ಳು ಹುಡುಕಬೇಡಿ, ರಿಮ್ಮಿನ ಅಂಚಿನಲ್ಲಿ ತಗ್ಗು ಬಿದ್ದಿದೆಯೇ ನೋಡಿ. 70 ಕಿಲೋ ತೂಕದವರಿಗೆ, ಎರಡು ಇಂಚಿನ ಚಿಲ್ಲರೆ ಟಯರಿಗೆ ಟ್ಯೂಬು ಇದ್ದರೆ ಮುಂದೆ 30, ಹಿಂದೆ 35 ಪಿಎಸ್ಐ ಇಟ್ಟು ಶುರು ಮಾಡಿ. ಡಾಂಬರಿಗೆ ಇನ್ನೂ ಐದಾರು ಹೆಚ್ಚು. ಟ್ಯೂಬಿಲ್ಲದ ಟಯರಾದರೆ 25ರ ಆಸುಪಾಸು ನಡೆಯುತ್ತದೆ, ಆದರೆ ಅಲ್ಲಿ ರಿಮ್ಮಿನ ಅಂಚು ತಗ್ಗಾದರೆ ಗಾಳಿಯೇ ನಿಲ್ಲದು. ಹೆಬ್ಬೆರಳಿನಿಂದ ಒತ್ತಿ ನೋಡುವುದು ಲೆಕ್ಕಕ್ಕಿಲ್ಲ. ಮಾಪಕ ಇರುವ ಕಾಲ್ಪಂಪು ಮನೆಯಲ್ಲಿರಲಿ, ಸವಾರಿಗೆ ಹೊರಡುವ ಮುನ್ನ ಪ್ರತಿ ಸಲ ನೋಡಿ.

ನಿಮ್ಮ ಸೈಕಲ್ಲಿಗೆ ಡಿಸ್ಕ್ ಬ್ರೇಕು ಇದ್ದರೆ ಮುಂದಿನ ಮಾತು ನಿಮಗೆ ಬೇಕಿಲ್ಲ. ರಬ್ಬರ್ ಬ್ರೇಕು ರಿಮ್ಮಿನ ಬದಿಯನ್ನೇ ಹಿಡಿಯುವಂಥದ್ದಾದರೆ, ಮಳೆಗಾಲದ ಮರಳುಕೆಸರು ಉಜ್ಜುಗಾಗದದ ಹಾಗೆ ಅಲ್ಯೂಮಿನಿಯಂ ತಿನ್ನುತ್ತದೆ. ಒಳ್ಳೆಯ ರಿಮ್ಮುಗಳಲ್ಲಿ ಬದಿಯ ಸುತ್ತ ಒಂದು ಸಣ್ಣ ಗೆರೆಯೋ ಚುಕ್ಕೆಯೋ ಕೊರೆದಿರುತ್ತಾರೆ, ಅದು ಅಳಿಸಿದರೆ ರಿಮ್ಮಿನ ಕಾಲ ಮುಗಿಯಿತು. ಗುರುತಿಲ್ಲದಿದ್ದರೆ ನೆಟ್ಟಗಿನ ಅಳತೆಪಟ್ಟಿಯ ಅಂಚನ್ನು ಬದಿಗೆ ಇಟ್ಟು ನೋಡಿ, ನಡುವೆ ಕುಳಿ ಕಂಡರೆ ಬದಲಿಸಿ. ಸವೆದ ಗೋಡೆಯನ್ನು ಒಳಗಿನ ಗಾಳಿ ಒಂದು ದಿನ ಹೊರಕ್ಕೆ ಸಿಡಿಸುತ್ತದೆ. ಅದು ಬಹುಮಟ್ಟಿಗೆ ಬ್ರೇಕು ಒತ್ತಿ ಹಿಡಿದ ಇಳಿಜಾರಿನಲ್ಲೇ ಆಗುವುದು, ಆಗ ಚಕ್ರವೂ ಸಿಕ್ಕಿಕೊಳ್ಳುತ್ತದೆ, ಬ್ರೇಕೂ ಇರುವುದಿಲ್ಲ. ಮಕ್ಕಳ ಸೈಕಲ್ಲನ್ನಂತೂ ವರ್ಷಕ್ಕೆರಡು ಸಲ ನೀವೇ ನೋಡಿ.

ಕಡ್ಡಿಯ ತೂತಿನ ಸುತ್ತ ಕೂದಲೆಳೆಯ ಬಿರುಕು ಕಂಡರೂ ರಿಮ್ಮು ಹಾಕಿಕೊಳ್ಳಬೇಡಿ. ಅಂಚಿನ ಸಣ್ಣ ತಗ್ಗು ಇದ್ದರೆ ಪರವಾಗಿಲ್ಲ, ಟ್ಯೂಬಿನ ಟಯರಿನಲ್ಲಿ ಎಷ್ಟೋ ದಿನ ನಡೆಯುತ್ತದೆ. ಅಲ್ಯೂಮಿನಿಯಂನ ದೊಡ್ಡ ಬಾಗನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿಕೊಡುತ್ತೇನೆ ಎಂದರೆ ಒಪ್ಪಬೇಡಿ. ಉಕ್ಕಿನ ಹಾಗೆ ಅದು ಕ್ಷಮಿಸುವುದಿಲ್ಲ, ಬಡಿದ ಕಡೆಯೇ ಮುಂದೆ ಸೀಳುತ್ತದೆ.

ರಿಮ್ಮು ಒಂದನ್ನೇ ಬದಲಿಸುವುದಾದರೆ ಹಳೆಯ ಕಡ್ಡಿಗಳ ಉದ್ದ ಹೊಸದಕ್ಕೆ ಹೊಂದುತ್ತದೆಯೇ ಎಂದು ಮೊದಲೇ ಅಳೆಸಿ. ಹಿಂದಿನ ಚಕ್ರದಲ್ಲಿ ಎಡಬಲ ಕಡ್ಡಿಗಳ ಉದ್ದ ಸಾಮಾನ್ಯವಾಗಿ ಬೇರೆ, ಡಿಸ್ಕ್ ಬ್ರೇಕಿನ ಮುಂಚಕ್ರದಲ್ಲೂ ಹಾಗೇ ಇರಬಹುದು. ಕೆಲಸ ಮುಗಿದ ಮೇಲೆ ಪ್ರತಿ ಉದ್ದದಲ್ಲೂ ಎರಡೆರಡು ಕಡ್ಡಿ, ನಿಪ್ಪಲ್ ಸಮೇತ, ಕೇಳಿ ಇಟ್ಟುಕೊಳ್ಳಿ. ಸೈಕಲ್ಲಿನಲ್ಲೇ ಬೀದರಿಗೆ ಹೋಗಿಬರುವ ಉಮೇದಿನವರು ಅವನ್ನು ಚೌಕಟ್ಟಿನ ಕೊಳವೆಗೆ ಟೇಪಿನಿಂದ ಸುತ್ತಿಕೊಂಡು ಹೊರಡಿ. ಜಹೀರಾಬಾದಿನಲ್ಲಿ ಪಂಕ್ಚರ್ ಅಂಗಡಿ ಸಿಕ್ಕೀತು, ನಿಮ್ಮ ಅಳತೆಯ ಕಡ್ಡಿ ಅಲ್ಲಿರುತ್ತದೆಂಬ ಭರವಸೆ ಇಲ್ಲ.