ಸತಿ, ವೇದನೆ, ಲಕ್ಷ್ಯ: ಬೌದ್ಧ ಮನಃಶಾಸ್ತ್ರದ ಚಿಕಿತ್ಸಾ ಬಳಕೆ ಮತ್ತು ಕನ್ನಡ ಪರಿಭಾಷೆ

ಬೌದ್ಧ ಮನಃಶಾಸ್ತ್ರದ ಕೆಲವು ಪರಿಕಲ್ಪನೆಗಳು ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಮನೋಚಿಕಿತ್ಸೆಯಲ್ಲಿ ಬಳಕೆಯಾಗುತ್ತಿವೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಝಿನ್ ಅವರು ದೀರ್ಘಕಾಲದ ನೋವು ಹಾಗೂ ಒತ್ತಡದಿಂದ ಬಳಲುವವರಿಗಾಗಿ ಶಿಕ್ಷಣಕ್ರಮವೊಂದನ್ನು ರೂಪಿಸಿದರು. ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಜಾನ್ ಟೀಸ್‌ಡೇಲ್ ಅದನ್ನು ಸಂಜ್ಞಾನಾತ್ಮಕ ಚಿಕಿತ್ಸೆಯೊಂದಿಗೆ ಬೆಸೆದು, ಖಿನ್ನತೆ ಮರುಕಳಿಸದಂತೆ ತಡೆಯುವ ವಿಧಾನವನ್ನು 2002ರ ತಮ್ಮ ಗ್ರಂಥದಲ್ಲಿ ನಿರೂಪಿಸಿದರು. ಖಾನಾಪುರ ತಾಲ್ಲೂಕಿಗೆ ಹೊಂದಿಕೊಂಡಿರುವ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಡ್ರೆಪುಂಗ್ ಬೌದ್ಧ ಮಠದಲ್ಲಿ 2013ರ ಜನವರಿಯಲ್ಲಿ ದಲೈ ಲಾಮಾ, ಬೌದ್ಧ ವಿದ್ವಾಂಸರು ಮತ್ತು ವಿಜ್ಞಾನಿಗಳ ಸಂವಾದವೂ ನಡೆಯಿತು. ಈ ವಿಚಾರಗಳು ಕನ್ನಡದ ರೋಗಿಯನ್ನು ಯಾವ ಪದಗಳ ಮೂಲಕ ತಲುಪಬೇಕು ಎಂಬ ಪ್ರಶ್ನೆಯನ್ನು ಬೆಳಗಾವಿ ನಗರ ಮತ್ತು ಖಾನಾಪುರದ ಭಾಷಾಸಂದರ್ಭದಲ್ಲಿ ಇಲ್ಲಿ ವಿವೇಚಿಸಲಾಗಿದೆ.

ಮೊದಲ ತೊಡಕು ‘ವೇದನಾ’ ಎಂಬ ಪದದ್ದು. ಪಾಳಿಯಲ್ಲಿ ಇದು ಸುಖ, ದುಃಖ ಮತ್ತು ಇವೆರಡೂ ಅಲ್ಲದ ಅನುಭವ ಎಂಬ ಮೂರು ಬಗೆಯ ಸಂವೇದನೆಗಳನ್ನು ಸೂಚಿಸುತ್ತದೆ. ಕನ್ನಡದಲ್ಲಿ ‘ವೇದನೆ’ಯ ಅರ್ಥ ನೋವಿಗೆ ಸಂಕುಚಿತಗೊಂಡಿದೆ. ಪ್ರತೀತ್ಯಸಮುತ್ಪಾದದಲ್ಲಿ ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ ಹುಟ್ಟುತ್ತವೆ. ವೇದನೆ ಮತ್ತು ತೃಷ್ಣೆಗಳ ನಡುವಿನ ಈ ಸಂಧಿಯೇ ಸಾಧನೆಗೆ ಅವಕಾಶವಿರುವ ಸ್ಥಳ. ಸಂಯುತ್ತನಿಕಾಯದ ಸಲ್ಲಸುತ್ತವು ದೇಹದ ನೋವನ್ನು ಮೊದಲ ಬಾಣಕ್ಕೂ, ಅದಕ್ಕಾಗಿ ಮನಸ್ಸು ಪಡುವ ಸಂಕಟವನ್ನು ಎರಡನೆಯ ಬಾಣಕ್ಕೂ ಹೋಲಿಸುತ್ತದೆ. ಚಿಕಿತ್ಸಕರು ತಡೆಯಲೆತ್ನಿಸುವುದು ಈ ಎರಡನೆಯ ಬಾಣವನ್ನು. ವೇದನೆಯೆಂದರೆ ನೋವೇ ಎಂದು ಗ್ರಹಿಸಿದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಎರಡನೆಯದು ‘ಸತಿ’. ಸಂಸ್ಕೃತದ ‘ಸ್ಮೃತಿ’ಗೆ ಸಂವಾದಿಯಾದ ಈ ಪದವನ್ನು ರೈಸ್ ಡೇವಿಡ್ಸ್ 1881ರ ಅನುವಾದದಲ್ಲಿ ‘ಮೈಂಡ್‌ಫುಲ್‌ನೆಸ್’ ಎಂದರು. ಕನ್ನಡದಲ್ಲಿ ಇದನ್ನು ‘ಏಕಾಗ್ರತೆ’ ಎಂದರೆ, ಮನಸ್ಸು ನಿಲ್ಲದಿರುವುದೇ ಲಕ್ಷಣವಾಗಿರುವ ಖಿನ್ನತೆಯ ರೋಗಿಗೆ ಅದು ಮತ್ತೊಂದು ಸೋಲಾಗಿ ತೋರಬಹುದು. ಮನಸ್ಸು ಅಲೆದುದನ್ನು ಕಂಡುಕೊಳ್ಳುವುದೂ ಈ ಅಭ್ಯಾಸದ ಅಂಗವೆಂಬುದು ಆ ಪದದಲ್ಲಿ ಇಲ್ಲ. ‘ಎಚ್ಚರ’ ಸಹಜವಾದ ಪದವಾದರೂ ಆತಂಕಗ್ರಸ್ತರಿಗೆ ಅಪಾಯದ ಸೂಚನೆಯಂತೆ ಕೇಳಿಸೀತು. ‘ಅರಿವು’ ಹೆಚ್ಚು ಸಮೀಪದ್ದು. ಆದರೆ ಶರಣರ ಚಿಂತನೆಯಲ್ಲಿ ಅದಕ್ಕೆ ಪ್ರತ್ಯೇಕ ತಾತ್ತ್ವಿಕ ಭಾರವಿದೆ.

ಈ ಸಂದರ್ಭದಲ್ಲಿ ಬೆಳಗಾವಿಯ ಆಡುಮಾತು ಪರಿಶೀಲನಾರ್ಹ. ಇಲ್ಲಿ ‘ಲಕ್ಷ್ಯ ಕೊಡು’ ಎಂಬುದು ನಿತ್ಯಬಳಕೆಯ ನುಡಿ. ಮರಾಠಿಯ ‘ಲಕ್ಷ ದೇಣೆ’ ಎಂಬುದಕ್ಕೂ ಇದೇ ಅರ್ಥ. ಗ್ರಾಂಥಿಕ ಕನ್ನಡದ ‘ಗಮನ’ಕ್ಕೆ ಮರಾಠಿಯಲ್ಲಿ ಹೋಗುವಿಕೆ ಎಂಬ ಅರ್ಥ. ಕನ್ನಡ, ಮರಾಠಿಗಳೆರಡೂ ಮನೆಮಾತಾಗಿರುವ ಖಾನಾಪುರದಲ್ಲಿ “ಉಸಿರಿನ ಕಡೆ ಲಕ್ಷ್ಯ ಕೊಡ್ರಿ” ಎಂಬ ಸೂಚನೆ ಎರಡೂ ಭಾಷಿಕರಿಗೆ ತಿಳಿಯುವಂಥದು. ‘ಲಕ್ಷ್ಯ’ಕ್ಕೆ ಗುರಿ ಎಂಬ ಅರ್ಥವೂ ಇದೆಯಾದರೂ ‘ಕೊಡು’ ಕ್ರಿಯಾಪದದೊಡನೆ ಅದು ಹಿಂದೆ ಸರಿಯುತ್ತದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ದೂರವಾಣಿ ಸೇವೆಯಂಥ ಕಡೆ ಮಾತೇ ಮುಖ್ಯ ಸಾಧನವಾಗಿರುವುದರಿಂದ ಇಂಥ ಆಯ್ಕೆ ಕೇವಲ ಪಾಂಡಿತ್ಯದ ವಿಷಯವಲ್ಲ.

ಆದರೆ ಪದ ದೊರೆತ ಮಾತ್ರಕ್ಕೆ ಎರಡು ಪರಂಪರೆಗಳು ಒಂದೇ ಆಗುವುದಿಲ್ಲ. ಅಷ್ಟಾಂಗ ಮಾರ್ಗದಲ್ಲಿ ಸತಿಯು ಶೀಲ ಮತ್ತು ಪ್ರಜ್ಞೆಗಳೊಡನೆ ಕೂಡಿ ದುಃಖನಿರೋಧದತ್ತ ಸಾಗುತ್ತದೆ. ಚಿಕಿತ್ಸೆಯ ಉದ್ದೇಶ ರೋಗಲಕ್ಷಣಗಳ ಶಮನ. ಉಪಯುಕ್ತತೆಗೂ ಮಿತಿಯುಂಟು. 2000ದಲ್ಲಿ ಪ್ರಕಟವಾದ ಟೀಸ್‌ಡೇಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೊಳಗಾದವರಲ್ಲಿ ಮರುಕಳಿಕೆ ಕಡಿಮೆಯಾಯಿತು. ಎರಡೇ ಬಾರಿ ಒಳಗಾದವರಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ತೀವ್ರ ಮನೋವಿಕಾರ ಅಥವಾ ಆಘಾತದ ಹಿನ್ನೆಲೆಯುಳ್ಳವರಿಗೆ ದೀರ್ಘ ಧ್ಯಾನ ಹಾನಿಯನ್ನೂ ತರಬಹುದು. ಆದ್ದರಿಂದ ಇದು ಔಷಧ ಮತ್ತು ತಜ್ಞರ ಸಲಹೆಗೆ ಪೂರಕವೇ ಹೊರತು ಪರ್ಯಾಯವಲ್ಲ.

ಪಾಳಿ ಪರಿಭಾಷೆಯ ಅರ್ಥಚರಿತ್ರೆ, ಗಡಿಭಾಗದ ಆಡುನುಡಿ ಇವೆರಡನ್ನೂ ಬಲ್ಲ ಕನ್ನಡ ಅಧ್ಯಯನಕಾರರು ಚಿಕಿತ್ಸಕರೊಡನೆ ಕೂಡಿ ಪದಕೋಶವೊಂದನ್ನು ಸಿದ್ಧಪಡಿಸಿ, ಅದನ್ನು ರೋಗಿಗಳ ಗ್ರಹಿಕೆಯ ಎದುರಿಗಿಟ್ಟು ಪರೀಕ್ಷಿಸುವುದು ಈ ಕ್ಷೇತ್ರದಲ್ಲಿ ಆಗಬೇಕಾದ ಮೊದಲ ಕೆಲಸ.