ಆರಾಮಾಗಿರುವಾಗಲೇ ತಪಾಸಣೆ ಬೇಕು

ಗರ್ಭಿಣಿ ಚೆನ್ನಾಗಿ ಓಡಾಡಿಕೊಂಡಿದ್ದಾಳೆ, ಊಟವೂ ಸೇರುತ್ತಿದೆ, ಮತ್ತೇಕೆ ಆಸ್ಪತ್ರೆ ಎಂದು ಮನೆಯವರು ಕೇಳುವುದುಂಟು. ಆದರೆ ತಾಯಿಯ ಜೀವಕ್ಕೆ ಎರವಾಗುವ ಹಲವು ತೊಂದರೆಗಳು ಸದ್ದಿಲ್ಲದೆ ಬರುತ್ತವೆ. ಇಪ್ಪತ್ತು ವಾರಗಳ ನಂತರ ರಕ್ತದೊತ್ತಡ 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅದು ಗರ್ಭನಂಜಿನ ಸೂಚನೆ. ಹಾಗೆಯೇ ಬಿಟ್ಟರೆ ಫಿಟ್ಸ್‌ಗೆ ತಿರುಗಬಹುದು. ಶುರುವಿನಲ್ಲಿ ಅದು ಗರ್ಭಿಣಿಗೇ ಗೊತ್ತಾಗದಿರಬಹುದು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಾಗಲೇ ತಿಳಿಯುವುದು. ರಕ್ತಹೀನತೆಯೂ ಹಾಗೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರ ಪೈಕಿ ಶೇ 52ರಷ್ಟು ಮಂದಿಗೆ ಅದಿತ್ತು. ಅದರ ಸುಸ್ತನ್ನು ನಾವು ಬಸುರಿಯ ಸಹಜ ಆಯಾಸವೆಂದು ತಳ್ಳಿಹಾಕುತ್ತೇವೆ. ಹಿಮೋಗ್ಲೋಬಿನ್ ತೀರಾ ಇಳಿದವರಿಗೆ ಹೆರಿಗೆಯ ರಕ್ತಸ್ರಾವ ತಾಳುವ ಶಕ್ತಿ ಇರುವುದಿಲ್ಲ.

ಅಜ್ಜಿಯಂದಿರು ಯಾವ ತಪಾಸಣೆಯೂ ಇಲ್ಲದೆ ಹತ್ತು ಹೆರಲಿಲ್ಲವೇ ಎಂಬ ಮಾತಿದೆ. ಹೆತ್ತು ಬದುಕಿದವರನ್ನಷ್ಟೇ ಆ ಮಾತು ನೆನೆಯುತ್ತದೆ. ಹೆರಿಗೆಯಲ್ಲೇ ತೀರಿಕೊಂಡವರು ಅದರ ಲೆಕ್ಕಕ್ಕೇ ಬರುವುದಿಲ್ಲ. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಯಿಂದ ವಾಕರಿಕೆ ಎಂಬ ದೂರು ನಿಜ, ಆದರೆ ರಾತ್ರಿ ಊಟವಾದ ಮೇಲೆ ನುಂಗಿದರೆ ಅದು ಎಷ್ಟೋ ತಗ್ಗುತ್ತದೆ. ಮಲ ಕಪ್ಪಾಗುವುದರಿಂದ ಅಪಾಯವಿಲ್ಲ. ಕೂಲಿ ತಪ್ಪುತ್ತದೆಂಬ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ತಪಾಸಣೆ ಉಚಿತ; ಆ ದಿನದ ಕೂಲಿಯ ಭಾರವನ್ನು ಮನೆಯವರು ಹೊರಬೇಕು. ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಮಾಡಿಸಿ. 12 ವಾರದೊಳಗೆ ಮೊದಲ ತಪಾಸಣೆ, ಒಟ್ಟು ಕನಿಷ್ಠ ನಾಲ್ಕು ತಪಾಸಣೆ: ಇದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.